ಸೋರೆಬುರುಡೆಯ ಗಂಟು

ಮೇಷ್ಟ್ರ ಎಡಗಿವಿಯಲ್ಲಿ ಸದಾ ಒಂದು ಹತ್ತಿಯುಂಡೆ. ನೀರು ಹೊಕ್ಕು ಕೆಟ್ಟ ಕಿವಿ. ಬಲಗಿವಿಯೇ ಇರಬಹುದು, ಯೂನಿವರ್ಸಿಟಿಯಲ್ಲಿ ಓದಿ ಬಂದ ಮೇಲೆ ನನ್ನ ನೆನಪನ್ನೇ ನಾನು ನಂಬುವುದಿಲ್ಲ. ಹತ್ತಿ ಇದ್ದದ್ದಂತೂ ನಿಜ.

ಮೇಷ್ಟ್ರು ಎಂದರೆ ಸ್ಕೂಲಿನವರಲ್ಲ, ಮಂಡ್ಯದ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವರು. ನಾಲೆ ಬಂದು ಕೆಲವೇ ವರ್ಷವಾಗಿತ್ತು. ಮಳೆಯನ್ನೇ ನಂಬಿದ್ದ ಊರಿನ ಮಕ್ಕಳಿಗೆ ಹರಿಯುವ ನೀರು ಹೊಸದು, ಮುಳುಗಿ ಸತ್ತವರಿದ್ದರು. ಭಾನುವಾರ ಅಂಗಡಿ ಮುಚ್ಚಿ, ಮೀಸೆ ಚಿಗುರುತ್ತಿದ್ದ ನಮ್ಮನ್ನೆಲ್ಲ ಗುತ್ತಲಿನ ಒಂದು ತೋಟದ ಬಾವಿಗೆ ಕರೆದೊಯ್ದು, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ಗುಂಪಿಗೆ ಕಟ್ಟಳೆ ಒಂದೇ: ಈಜು ಬಂದು ಬುರುಡೆ ಬಿಚ್ಚಿದವನು ಅದನ್ನು ಮುಂದಿನವನ ಬೆನ್ನಿಗೆ ತಾನೇ ಕಟ್ಟಿ, ಅವನು ತೇಲುವವರೆಗೆ ಜೊತೆಗಿರಬೇಕು.

ನನ್ನ ಬೆನ್ನಿಗೆ ಬುರುಡೆ ಕಟ್ಟುವ ಸರದಿ ಊರಾಚೆ ಕೇರಿಯ ಹುಡುಗನಿಗೆ ಬಂತು. ಅವನೂ ಬಾವಿಗಿಳಿಯುವುದು ಯಾರಿಂದಲೋ ತಿಳಿದು, ಅಂದೇ ತೋಟದ ಗೌಡರು ದಂಡೆಗೆ ಬಂದರು.

"ಆ ಕೇರಿ ಉಡ್ಗುನ್ನ ಕಳ್ಸು. ಇಲ್ದಿದ್ರೆ ಒಬ್ರೂ ಬಾವಿಗ್ ಇಳೀಬ್ಯಾಡಿ."

ಮೇಷ್ಟ್ರು ಹತ್ತಿಯ ಕಿವಿಯನ್ನು ಅವರತ್ತ ತಿರುಗಿಸಿದರು. "ಆಂ? ಏನಂದ್ರಿ ಗೌಡ್ರೇ?"

"ಬಾವಿ ಮೈಲ್ಗೆ ಆಯ್ತದೆ ಅಂದೆ ಕಣ್ಲಾ, ಕಿವುಡ್ ನನ್ಮಗ್ನೆ!"

"ಅಂಥ ಮಾತು ಈ ಕಿವೀಗ್ ಓಗಕಿಲ್ಲ, ಬುಡಿ." ಆಮೇಲೆ ನಮಗೆ, "ಎತ್ಕಳ್ರಲಾ ಬುರುಡೆಗಳ್ನ. ನಾಲೆ ನೀರು ಯಾರಪ್ಪನ್ ತೋಟ್ದಲ್ಲೂ ಉಟ್ಟಿಲ್ಲ."

ಮುಂದಿನ ಭಾನುವಾರ ನಾಲೆಗೆ ಬಂದವರು ಮೂವರೇ. ಇನ್ನೊಬ್ಬ ಬಿಟ್ಟರೆ ಗುಂಪು ಮುಗಿಯುತ್ತಿತ್ತು. ಅಪ್ಪ ಬೇಡವೆಂದಿದ್ದರು, ನಾನು ಹೋಗಿದ್ದೆ. ಮೇಷ್ಟ್ರು ದಡದಿಂದ ದಡಕ್ಕೆ ಹಗ್ಗ ಬಿಗಿದು ನೀರಿನಲ್ಲಿ ನಿಂತಿದ್ದರು. ಕೇರಿಯ ಹುಡುಗ ನನ್ನ ಬೆನ್ನಿಗೆ ಗಂಟು ಹಾಕುತ್ತ, "ಎದರ್ಕಬ್ಯಾಡ ಕಣ್ಲಾ, ಮುಳುಗುದ್ರೆ ಜುಟ್ಟಿಡ್ದು ಎಳೀತೀನಿ" ಅಂದ. ನನಗೆ ಆಗ ಜುಟ್ಟಿತ್ತೇ? ಗೊತ್ತಿಲ್ಲ. ಹೊಟ್ಟೆಯ ಕೆಳಗೆ ಅವನ ಅಂಗೈ ಇದ್ದದ್ದು ಗೊತ್ತು. ಯಾವಾಗ ತೆಗೆದನೋ, ನಾನು ತೇಲುತ್ತಿದ್ದೆ.

ನಾವು ಮುಳುಗಲಿಲ್ಲವೆಂಬ ಸುದ್ದಿ ಹಬ್ಬಿ, ಬಿಟ್ಟವರು ಒಬ್ಬೊಬ್ಬರಾಗಿ ಬಂದರು. ಹೊಂಗೆ ಮರದ ಮರೆಯಲ್ಲಿ ಅಂಗಿ ಬಿಚ್ಚಿಟ್ಟು ಗೌಡರ ಮಗನೂ ಬಂದ. ಅವನಿಗೆ ಬುರುಡೆ ಕಟ್ಟಿದವನು ನಾನು.

ಯುವಕರ ಸಂಘಗಳ ಬಗ್ಗೆ ಆಮೇಲೆ ಬೇಕಾದಷ್ಟು ಭಾಷಣ ಕೇಳಿದ್ದೇನೆ, ಅನುಮಾನಪಟ್ಟಿದ್ದೇನೆ. ಆ ಗುಂಪನ್ನು ಮಾತ್ರ ಅನುಮಾನಿಸಲಾರೆ.

ಸ್ವಾತಂತ್ರ್ಯ ಬಂದ ವರ್ಷ ಮೇಷ್ಟ್ರು ತೀರಿಕೊಂಡರು. ಚಟ್ಟ ಕಟ್ಟಿದವರು ನಾವೇ. ಒಂದು ಬದಿಯ ಗಂಟು ಕೇರಿಯ ಗೆಳೆಯ ಹಾಕಿದ, ಇನ್ನೊಂದು ಬದಿಯದು ಗೌಡರ ಮಗ. ಎರಡೂ ಬುರುಡೆಯ ಗಂಟೇ. ಅದನ್ನು ಈಗಲೂ ಕಣ್ಣು ಮುಚ್ಚಿ ಹಾಕಬಲ್ಲೆ; ಕೈ ನನ್ನ ತಲೆಯನ್ನು ಕೇಳುವುದಿಲ್ಲ.