ಮಾವನವರಿಗೆ ಕಾಕ್‌ಟೇಲ್ ಪುಸ್ತಕ ಓದಿ ಹೇಳಿದ ಮಧ್ಯಾಹ್ನಗಳು

ಅಪ್ಪ ಬಾಗಿಲಲ್ಲಿ ಬಂದು ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ನಾನು ಮಾವನವರಿಗೆ ಜೋರಾಗಿ ಓದಿ ಹೇಳುತ್ತಿದ್ದೆ... ಎರಡು ಪಾಲು ಜಿನ್, ಪುಡಿ ಮಾಡಿದ ಬರ್ಫ, ಮೇಲೊಂದು ಕಿತ್ತಳೆ ಸಿಪ್ಪೆ.

"ಏನ ಓದಾಕತ್ತಿ ಶಾಂತಾ?" ಎನ್ನುತ್ತಲೇ ಅಪ್ಪ ಪುಸ್ತಕ ಕಿತ್ತುಕೊಂಡರು.

ಐವತ್ತರ ದಶಕದ ಬಾದಾಮಿ. ನಮ್ಮ ಕಡೆ ಇನ್ನೂ ಮುಂಬೈ ರಾಜ್ಯ, ಎಲ್ಲೆಲ್ಲೂ ಪಾನಬಂದಿ, ದಾರು ಮಾರುವಂತಿಲ್ಲ, ಕುಡಿಯುವಂತಿಲ್ಲ. ನನ್ನ ಮದುವೆಯಾಗಿ ವರ್ಷ ತುಂಬಿರಲಿಲ್ಲ.

ಮಾವನವರು ಮುಂಬೈಯ ದೊಡ್ಡ ಹೋಟೆಲೊಂದರ ಬಾರ್‌ನಲ್ಲಿ ಡ್ರಿಂಕ್ಸ್ ಮಿಕ್ಸ್ ಮಾಡುತ್ತಿದ್ದವರು. ಪಾನಬಂದಿಯಿಂದ ಬಾರ್ ಮುಚ್ಚಿದಾಗ ಊರಿಗೆ ಮರಳಿದರು, ಟ್ರಂಕಿನಲ್ಲಿ ಹಳೆಯ ಇಂಗ್ಲಿಷ್ ಕಾಕ್‌ಟೇಲ್ ಗೈಡ್ ಇಟ್ಟುಕೊಂಡು.

ಕಲಾದಗಿಯಲ್ಲಿ ಮಾಸ್ತರರಾಗಿದ್ದ ನನ್ನ ಅಪ್ಪನಿಗೆ ಮದುವೆ ಮಾತುಕತೆಯಲ್ಲಿ ಯಾರೋ ಮಾವನವರ ಬಗ್ಗೆ "ಹೋಟೆಲ್ ಮ್ಯಾನೇಜರ್" ಎಂದಷ್ಟೇ ಹೇಳಿದ್ದರು.

ಮಾವನವರ ಕಣ್ಣಿಗೆ ಪೊರೆ ಬಂದಿತ್ತು. ನಾನು ಮೆಟ್ರಿಕ್ ಓದಿದವಳು. ಯಜಮಾನರು ಕೆಲಸಕ್ಕೆ ಹೋದಮೇಲೆ ಪಡಸಾಲೆಯಲ್ಲಿ ಕೂತು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತ, ಬೆರಳುಗಳಿಂದ ಗಾಳಿಯಲ್ಲೇ ಏನನ್ನೋ ಕಲಕುತ್ತಿದ್ದರು.

ಒಮ್ಮೆ ಪಂಚ್ ಎಂಬ ಪುಟ ಬಂತು.

"ಅದು ಇಂಗ್ಲಿಷ್ ಶಬ್ದ ಅಲ್ಲವ್ವಾ. ನಮ್ಮ ಪಂಚ, ಐದು. ದಾರು, ಲಿಂಬಿ, ಸಕ್ರಿ, ನೀರು, ಮಸಾಲಿ. ಹಡಗಿನ ಮಂದಿ ಇಲ್ಲಿಂದ ಕಲ್ತು ವಿಲಾಯತಿಗೆ ಒಯ್ದ್ರಂತ. ಕಾಕ್‌ಟೇಲ್ ಎಲ್ಲಾ ಆಮ್ಯಾಲೆ ಬಂದವು."

ನನಗೆ ದೇವರ ಮನೆಯ ಪಂಚಾಮೃತ ನೆನಪಾಗಿ ನಗು ಬಂತು. ಹೊರಗೆ ಕೆಂಪು ಬಂಡೆಗಳ ಮೇಲೆ ಬಿಸಿಲು ಉರಿಯುತ್ತಿದ್ದರೆ ಒಳಗೆ ನಾನು ಹಡಗಿನ ಮೇಲೆ... ಕಂಡಿರದ ಸಮುದ್ರ, ಮುಟ್ಟಿರದ ಹಿಮ. ಒಂದು ಹನಿಯೂ ಕುಡಿಯದೆ ತೇಲುತ್ತಿದ್ದೆ.

ಈಗ ಅಪ್ಪ ನಿಂತಲ್ಲೇ ಪುಟ ತಿರುವುತ್ತಿದ್ದಾರೆ. ಮುಖ ಬಿಗಿಯುತ್ತಿದೆ.

"ಬೀಗರ, ನೀವು ದಾರು ಕಲಸವ್ರು ಅಂತ ನಮಗ ಯಾರೂ ಹೇಳಿಲ್ಲ."

"ಖರೆ ಐತ್ರಿ. ನಾನರ ಹೇಳಬೇಕಿತ್ತು," ಎಂದರು ಮಾವನವರು.

ಅಪ್ಪ ನನ್ನ ಕಡೆ ತಿರುಗಿದರು. "ಅರಿವಿ ಗಂಟು ಕಟ್ಟಕೊ. ಸಂಜಿ ಗಾಡಿಗೆ ಹೋಗೂಣು."

ಮಾವನವರು ತಡೆಯಲಿಲ್ಲ. ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಬಾರ್‌ನಲ್ಲಿ ಮಾಡುತ್ತಿದ್ದಂತೆ ಎರಡು ತಂಬಿಗೆಗಳ ಬಾಯಿ ಕೂಡಿಸಿ ಕುಲುಕಿ, ಲಿಂಬೆ-ಏಲಕ್ಕಿ ಪಾನಕ ತಂದು ಅಪ್ಪನ ಮುಂದಿಟ್ಟರು. ಅಪ್ಪ ಮುಟ್ಟಲಿಲ್ಲ.

"ಹೋಗಬೇಕನಿಸಿದ್ರ ಹೋಗವ್ವಾ," ಎಂದರು ಮಾವನವರು. "ನಾ ಏನೂ ಅನ್ಕೊಳ್ಳೂದಿಲ್ಲ."

ಅಪ್ಪನಿಗೆ ಎಂದೂ ಎದುರು ಮಾತಾಡಿದವಳಲ್ಲ ನಾನು. ಆದರೂ ಅವರ ಕೈಯಿಂದ ಪುಸ್ತಕ ತೆಗೆದುಕೊಂಡೆ.

"ನಾ ಇಲ್ಲೇ ಇರ್ತೇನಿ ಅಪ್ಪಾ. ಅದು ಇವರ ಕೆಲಸ ಇತ್ತು, ಮಾಡ್ಯಾರ. ನನಗಿಲ್ಲಿ ಯಾವ ತ್ರಾಸೂ ಇಲ್ಲ."

ಅಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಟಾಂಗಾ ಮರೆಯಾಗುವವರೆಗೆ ನೋಡಿ, ಒಳಗೆ ಬಂದು ಆ ಪಾನಕ ನಾನೇ ಕುಡಿದೆ... ಅಳುತ್ತ ಕುಡಿದದ್ದಕ್ಕೋ ಏನೋ, ಸ್ವಲ್ಪ ಉಪ್ಪಾಗಿತ್ತು.

ತಿಂಗಳುಗಟ್ಟಲೆ ಅಪ್ಪನ ಸುದ್ದಿಯಿಲ್ಲ. ನಾಗರ ಪಂಚಮಿ ಹತ್ತಿರ ಬಂತು. ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವ ಹಬ್ಬ. ಓಣಿಯಲ್ಲಿ ಯಾರ ಹೆಜ್ಜೆ ಸಪ್ಪಳ ಕೇಳಿದರೂ ಬಾಗಿಲಿಗೆ ಓಡುತ್ತಿದ್ದೆ.

ಹಬ್ಬಕ್ಕೆ ಮುಂಚೆ ಅಪ್ಪ ಬಂದರು! "ಕರ್ಕೊಂಡು ಹೋಗ್ತೇನ್ರಿ ಬೀಗರ," ಎಂದಷ್ಟೇ ಅಂದರು. ಪುಸ್ತಕದ ಮಾತೇ ಎತ್ತಲಿಲ್ಲ.

ರೈಲು ಹೊರಟಿತು. ಕಿಟಕಿಯಾಚೆ ಮಳೆಗಾಲದ ಎರೆಹೊಲಗಳು ಹಿಂದೆ ಸರಿಯುತ್ತಿವೆ. ಅಪ್ಪ ಅತ್ತ ನೋಡುತ್ತಲೇ ಮೆಲ್ಲಗೆ ಕೇಳುತ್ತಾರೆ:

"ಆ ಪುಸ್ತಕದಾಗ ಇತ್ತಲ್ಲ, ಜಿನ್ನಿಗೆ ಹಾಕೂ ಜುನಿಪರ್ ಅಂದ್ರ ಎಂಥಾ ಹಣ್ಣ ಶಾಂತಾ?"

"ಗೊತ್ತಿಲ್ಲಪ್ಪಾ. ಮಾವಾರೂ ನೋಡಿಲ್ಲಂತ."

"ಹೂಂ..." ಎಂದರು. ಕಲಾದಗಿಗೆ ಇಳಿಯುವ ಬಾಗಲಕೋಟೆ ಬರುವವರೆಗೆ ಇಬ್ಬರೂ ಕಿಟಕಿಯಾಚೆ ಅದೇ ಹಣ್ಣನ್ನು ನೋಡುತ್ತಿದ್ದೆವು ಅನಿಸುತ್ತದೆ.

ನಾಲಿಗೆಗೆ ಎಂದೂ ತಾಗದ ಒಂದು ರುಚಿ ನಿಮ್ಮ ಮನಸ್ಸಿನಲ್ಲೂ ಉಳಿದುಕೊಂಡಿದೆಯಾ?