ಷಾಹಿನಾಳ ಫೋನು ಕಂಪ್ಯೂಟರಿಗೆ ಕಾಣಿಸಿದ ದಿನ

ಕೊರೊನಾದ ಕಾಟ ಮುಗಿದು ಪೇಟೆಯ ವ್ಯಾಪಾರವೆಲ್ಲ ಮತ್ತೆ ಹದಕ್ಕೆ ಬಂದಿದ್ದ ವರ್ಷ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ಸರ್ವೀಸ್ ಸೆಂಟರ್ ಇದೆ. ಅದಕ್ಕೂ ಮೊದಲು ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಈ ಕೆಲಸದಲ್ಲಿ ಸಾವಿರಾರು ಫೋನುಗಳು ನನ್ನ ಕೈ ಹಾದುಹೋಗಿವೆ. ಹೆಚ್ಚಿನವು ಮರೆತೇಹೋಗಿವೆ. ಷಾಹಿನಾಳ ಫೋನು ಮಾತ್ರ ಮರೆಯುವಂಥದ್ದಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ನಾನು ಶಟರ್ ಎತ್ತಲು ಬಂದಾಗ ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ಕೂತಿದ್ದಳು. ಮದುವೆ ಮನೆಯ ಹೊಸ ಬಟ್ಟೆ, ಕೈತುಂಬ ಮೆಹೆಂದಿ, ಆದರೆ ಮುಖದಲ್ಲಿ ಒಂದಿಷ್ಟೂ ಕಳೆಯಿಲ್ಲ. ಕುರುಗೋಡಿನಿಂದ ಮೊದಲ ಬಸ್ಸಿಗೆ ಬಂದಿದ್ದಳಂತೆ.

“ಅಕ್ಕಾರ, ಫೋನ್ ಚಾರ್ಜ್ ಆಗ್ತೈತ್ರಿ. ಕಂಪ್ಯೂಟರಿಗೆ ಹಚ್ಚಿದ್ರ ಕಾಣಂಗಿಲ್ರಿ. ಇದ್ರಾಗ ವಿಡಿಯೋ ಅದಾವು. ಇವತ್ತ ಸಂಜಿ ಸಿರುಗುಪ್ಪದಾಗ ನಮ್ಮಣ್ಣನ ಮದುವಿ. ಅಲ್ಲಿ ದೊಡ್ಡ ಪರದೆ ಮ್ಯಾಲ ತೋರಿಸ್ಬೇಕ್ರಿ.”

ಒಳಗೆ ಕೂರಿಸಿ ವಿಚಾರಿಸಿದೆ. ಹೆಸರು ಷಾಹಿನಾ. ಕುರುಗೋಡಿನಲ್ಲಿ ಅವರ ಅಬ್ಬಾ ಹುಸೇನ್ ಸಾಬರದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ, ದಿಂಬು ತುಂಬುವ ಕೆಲಸ. ಗಾದಿ ಹೊಲಿಯುವವಳು ಇವಳೇ. ಮನೆಯವರದು, ನೆಂಟರದು ಎಂದು ಮೂರು ತಿಂಗಳಿಂದ ವಿಡಿಯೋ ತೆಗೆದು ಕೂಡಿಸಿದ್ದಳು. ಈಗ ಫೋನಿನ ಜಾಗವೆಲ್ಲ ಭರ್ತಿಯಾಗಿ, ಗ್ಯಾಲರಿ ತೆರೆದರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ವಾಟ್ಸಾಪಿನಲ್ಲಿ ಕಳಿಸಲು ಹೋದರೆ ಫೋನು ನಿಂತೇಬಿಡುತ್ತಿತ್ತು. ಮೆಮೊರಿ ಕಾರ್ಡ್ ಬೇರೆ ಇರಲಿಲ್ಲ. ಹಾಗಾಗಿ ವೈರ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದೊಂದೇ ದಾರಿ ಉಳಿದಿತ್ತು. ಹಿಂದಿನ ದಿನ ಯಾವುದೋ ಅಂಗಡಿಯವರು ಫೋನನ್ನು ರಿಸೆಟ್ ಮಾಡಿದರೆ ಸರಿಹೋಗುತ್ತದೆ ಎಂದಿದ್ದರಂತೆ.

“ರಿಸೆಟ್ ಅಂದ್ರ ಒಳಗಿರೋದೆಲ್ಲ ಅಳಿಸಿ ಹೋಗ್ತೈತೇನ್ರಿ ಅಂತ ಕೇಳ್ದೆ. ಹೂಂ ಅಂದ್ರು. ಫೋನ್ ಕಸ್ಕೊಂಡು ಬಂದ್ಬಿಟ್ಟೆ” ಅಂದಳು.

ಬುದ್ಧಿವಂತಳು ಅಂದುಕೊಂಡೆ.

ಮೊದಲು ಅವಳ ಕೇಬಲ್ ನೋಡಿದೆ. ಚಾರ್ಜ್ ಆಗುತ್ತಿದೆ ಅಂದಮಾತ್ರಕ್ಕೆ ಕೇಬಲ್ ಸರಿ ಇದೆ ಎಂದಲ್ಲ. ಕೇಬಲಿನೊಳಗೆ ಕರೆಂಟ್ ಹರಿಯುವ ತಂತಿಗಳೇ ಬೇರೆ, ಡೇಟಾ ಅಂದರೆ ಫೈಲುಗಳು ಸಾಗುವ ತಂತಿಗಳೇ ಬೇರೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಎರಡನೆಯವು ಇರುವುದೇ ಇಲ್ಲ. ಅವಳದು ಅಂಥದ್ದೇ ಆಗಿತ್ತು. ಅದನ್ನು ಪಕ್ಕಕ್ಕಿಟ್ಟು ನನ್ನ ಡೇಟಾ ಕೇಬಲ್ ಹಾಕಿದೆ. ಕಂಪ್ಯೂಟರ್ ಟಿಣ್ ಎಂದು ಸದ್ದು ಮಾಡಿತು. ಷಾಹಿನಾ ಕುರ್ಚಿಯಿಂದ ಅರ್ಧ ಎದ್ದಳು. ಪರದೆಯ ಮೂಲೆಯಲ್ಲಿ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂಬ ಸಂದೇಶ ಬಂತು. ಏನೋ ಜೋಡಣೆಯಾಗಿದೆ, ಅದು ಏನೆಂದು ನನಗೆ ತಿಳಿಯುತ್ತಿಲ್ಲ ಎಂದು ಕಂಪ್ಯೂಟರ್ ಹೇಳುವ ರೀತಿ ಅದು.

ತಪ್ಪು ಕಂಪ್ಯೂಟರಿನದೋ ಫೋನಿನದೋ ಎಂದು ಬೇರ್ಪಡಿಸಬೇಕಿತ್ತು. ಅದೇ ಕೇಬಲಿಗೆ ನನ್ನ ಫೋನು ಹಾಕಿದೆ. ತಕ್ಷಣ ಕಾಣಿಸಿತು. ಅವಳ ಫೋನನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಅಲ್ಲೂ ಅದೇ ಸಂದೇಶ. ಅಂದರೆ ಕೇಬಲ್ ಸರಿ, ಕಂಪ್ಯೂಟರ್ ಸರಿ, ತೊಂದರೆ ಇರುವುದು ಫೋನಿನಲ್ಲೇ.

ಆಗ ಕೈಗೆ ಒಂದು ವಿಷಯ ಗೊತ್ತಾಯಿತು. ಕೇಬಲಿನ ತುದಿ ಫೋನಿನೊಳಗೆ ಪೂರ್ತಿ ಕೂರುತ್ತಿರಲಿಲ್ಲ, ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿತ್ತು. ಭೂತಗನ್ನಡಿ ಹಿಡಿದು, ಟಾರ್ಚ್ ಬಿಟ್ಟು, ಕೇಬಲ್ ಸಿಕ್ಕಿಸುವ ಪೋರ್ಟಿನೊಳಗೆ ಇಣುಕಿದೆ. ತಳದಲ್ಲಿ ಬಿಳಿ ಬಣ್ಣದ್ದೇನೋ ಗಟ್ಟಿಯಾಗಿ ಕೂತಿತ್ತು.

“ಫೋನ್ ಎಲ್ಲಿ ಇಡ್ತೀಯವ್ವ?”

“ಅಂಗಡ್ಯಾಗ, ಹತ್ತಿ ರಾಶಿ ಮ್ಯಾಲ್ರಿ. ಬಿದ್ರೂ ಒಡಿಯಂಗಿಲ್ಲಲ್ರಿ.”

ಫೋನು ಆಫ್ ಮಾಡಿ, ಮರದ ಹಲ್ಲುಕಡ್ಡಿಯನ್ನು ಇನ್ನಷ್ಟು ತೆಳ್ಳಗೆ ಕೆತ್ತಿಕೊಂಡು, ನಿಧಾನವಾಗಿ ಕೆದಕತೊಡಗಿದೆ. ಇಂಥ ಕಡೆ ಪಿನ್ನು, ಸೂಜಿ ಹಾಕಬಾರದು. ಒಳಗಿನ ಸಣ್ಣ ಸಂಪರ್ಕ ಪಟ್ಟಿಗಳು ಬಾಗಿದರೆ ಇರುವ ದಾರಿಯೂ ಮುಚ್ಚುತ್ತದೆ. ಎಳೆ ಎಳೆಯಾಗಿ ಹತ್ತಿ ಬಂತು. ಪ್ರತಿ ಸಲ ಕೇಬಲ್ ಹಾಕಿದಾಗಲೂ ಅದು ಒಳಕ್ಕೆ ಒತ್ತಿಕೊಂಡು, ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ಕರೆಂಟಿನ ಪಟ್ಟಿಗಳು ಹೇಗೋ ತಾಗುತ್ತಿದ್ದವು, ಡೇಟಾ ಪಟ್ಟಿಗಳು ಸರಿಯಾಗಿ ತಾಗುತ್ತಿರಲಿಲ್ಲ.

“ಒಂದು ದಿಂಬಿಗೆ ಆಗುವಷ್ಟು ಐತಿ” ಅಂದೆ. ಬೆಳಿಗ್ಗೆಯಿಂದ ಮೊದಲ ಬಾರಿ ಷಾಹಿನಾ ನಕ್ಕಳು.

ಮತ್ತೆ ಫೋನು ಆನ್ ಮಾಡಿ ಕೇಬಲ್ ಹಾಕಿದೆ. ಈ ಸಲ ಅದು ಟಕ್ ಎಂದು ಕೂತಿತು. ಕಂಪ್ಯೂಟರಿನಲ್ಲಿ ಫೋನಿನ ಹೆಸರೇ ಬಂತು. ತೆರೆದು ನೋಡಿದರೆ ಒಳಗೆ ಏನೂ ಇಲ್ಲ, ಪೂರ್ತಿ ಖಾಲಿ. ಷಾಹಿನಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

“ಹೋಗಿಲ್ಲವ್ವ, ಅಲ್ಲೇ ಅದಾವು” ಎಂದು ಸಮಾಧಾನ ಹೇಳಿದೆ. ಇದು ನಾನು ದಿನವೂ ನೋಡುವ ಸಂಗತಿ. ಬರೀ ಚಾರ್ಜ್ ಆಗಲೋ, ಫೈಲುಗಳನ್ನೂ ತೋರಿಸಲೋ ಎಂದು ಫೋನು ತನ್ನ ಯಜಮಾನರನ್ನು ಕೇಳುತ್ತದೆ. ಒಪ್ಪಿಗೆ ಸಿಗದ ಹೊರತು ತನ್ನೊಳಗಿನದನ್ನು ಕಂಪ್ಯೂಟರಿಗೆ ತೋರಿಸುವುದಿಲ್ಲ. ಇವಳ ಫೋನು ತುಂಬಿ ನಿಧಾನವಾಗಿದ್ದರಿಂದ ಆ ಪ್ರಶ್ನೆ ಪರದೆಯ ಮೇಲೆ ಬರುವುದೇ ತಡವಾಗಿತ್ತು. ಲಾಕ್ ತೆಗೆಸಿ, ಮೇಲಿನಿಂದ ಬೆರಳೆಳೆದು, ‘ಫೈಲ್ ಟ್ರಾನ್ಸ್‌ಫರ್’ ಒತ್ತಲು ಅವಳಿಗೇ ಹೇಳಿದೆ. ಒತ್ತಿದಳು. ಕಂಪ್ಯೂಟರಿನ ಖಾಲಿ ಪರದೆ ಒಂದೊಂದೇ ಫೋಲ್ಡರಿನಿಂದ ತುಂಬತೊಡಗಿತು. “ಯಾ ಅಲ್ಲಾ” ಎಂದು ಮೆಲ್ಲಗೆ ಹೇಳಿ ಅವಳು ಕುರ್ಚಿಗೆ ಒರಗಿದಳು.

ಯಾವುದನ್ನೂ ತೆರೆಯದೆ ಮೊದಲು ಎಲ್ಲವನ್ನೂ ಕಾಪಿ ಮಾಡಿದೆ. ನಿಧಾನದ ಫೋನು, ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಪೆನ್ ಡ್ರೈವ್‌ಗೆ ಹಾಕುವ ಮುಂಚೆ ಪರೀಕ್ಷೆಗೆಂದು ಒಂದನ್ನು ಓಡಿಸಿದೆ. ವಯಸ್ಸಾದ ಹೆಂಗಸೊಬ್ಬರು ಕ್ಯಾಮೆರಾ ನೋಡುತ್ತ ಕೈಯಾಡಿಸುತ್ತಿದ್ದರು. ಮಾತು ಕೇಳಿಸಲಿಲ್ಲ. ವಾಲ್ಯೂಮ್ ಏರಿಸಿದೆ, ನಮ್ಮ ರಸ್ತೆಯಲ್ಲಿ ಬಸ್ಸು ಹೋದ ಸದ್ದಷ್ಟೇ ಕೇಳಿಸಿತು. ಇನ್ನೊಂದು ಓಡಿಸಿದೆ, ಅದೂ ಹಾಗೇ. ಸ್ಪೀಕರಿನ ವೈರ್ ಕಿತ್ತು ಮತ್ತೆ ಹಾಕಿದೆ.

“ಆಡಿಯೊ ಹೋಗೈತೇನೋ” ಅಂದೆ.

ಷಾಹಿನಾ ನಗುತ್ತ, “ಇಲ್ರಿ ಅಕ್ಕಾರ. ಇದ್ರಾಗ ಯಾರೂ ಬಾಯಿಲೆ ಮಾತಾಡಿಲ್ಲ. ನಮ್ಮ ಭಾಬಿಗೆ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ರಿ” ಅಂದಳು.

ಆ ಭಾಬಿ, ಅಂದರೆ ಅತ್ತಿಗೆಯಾಗಲಿರುವ ಮದುಮಗಳು ನಸ್ರೀನ್, ಸಿರುಗುಪ್ಪದವಳು, ಸೀರೆಗಳಿಗೆ ಕಸೂತಿ ಹಾಕುತ್ತಾಳೆ. ಅವಳ ಮಾತೆಲ್ಲ ಕೈಸನ್ನೆಯ ಭಾಷೆಯಲ್ಲೇ. ಮದುವೆ ಗೊತ್ತಾದ ಮೇಲೆ ಅವಳ ತಮ್ಮ ಇರ್ಫಾನ್ ವಿಡಿಯೋ ಕಾಲ್ ಮಾಡಿ ಕುರುಗೋಡಿನ ಮನೆಯವರಿಗೆಲ್ಲ ಆ ಸನ್ನೆಗಳನ್ನು ಕಲಿಸಿದ್ದ. ವರ ಜಾವೀದ್ ಕಲಿತದ್ದು ನಸ್ರೀನಳಿಗೆ ಗೊತ್ತಿತ್ತು. ಉಳಿದವರೂ ಕಲಿಯುತ್ತಿರುವ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅತ್ತೆ, ಅಜ್ಜಿ, ಪಕ್ಕದ ಮನೆಯವರು, ಎಲ್ಲರೂ ಆ ಭಾಷೆಯಲ್ಲೇ ಅವಳನ್ನು ಮನೆಗೆ ಕರೆಯುವ ವಿಡಿಯೋಗಳು ಅವು.

ಪೆನ್ ಡ್ರೈವ್ ಕೈಗಿಟ್ಟಾಗ ಷಾಹಿನಾ ಏಳಲಿಲ್ಲ. “ಅಲ್ಲಿ ಮತ್ತ ಕಾಣ್ಲಿಲ್ಲ ಅಂದ್ರ?” ಅಂದಳು. ನಾನು ಗೋಡೆಯ ಗಡಿಯಾರ ನೋಡಿದೆ, ರಿಪೇರಿಗೆ ಬಂದ ಫೋನುಗಳ ಸಾಲು ನೋಡಿದೆ. ಆಮೇಲೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ ಶಟರ್ ಎಳೆದೆ. ನಿಜ ಹೇಳಬೇಕೆಂದರೆ ನನಗೂ ಅದನ್ನು ನೋಡಬೇಕಿತ್ತು.

ಬಸ್ಸಿನಲ್ಲಿ ಸಿರುಗುಪ್ಪದವರೆಗೂ ಷಾಹಿನಾ ನನಗೆ ಸನ್ನೆಗಳನ್ನು ಹೇಳಿಕೊಟ್ಟಳು. ಕಿಟಕಿಯಾಚೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಹಿಂದಿನ ಸೀಟಿನವರು ನಮ್ಮಿಬ್ಬರ ಕೈಗಳನ್ನೇ ನೋಡುತ್ತ ಬಂದರು.

ನಾವು ಮುಟ್ಟುವ ಹೊತ್ತಿಗೆ ನಿಕಾಹ್ ಮುಗಿದಿತ್ತು. ಊಟವಾದ ಮೇಲೆ ಎರಡೂ ಮನೆಯವರು ಪರದೆಯ ಮುಂದೆ ಕೂತರು. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ ವಿಡಿಯೋ ಹಚ್ಚಿದೆ. ಪರದೆಯ ಮೇಲೆ ಮೊದಲು ಬಂದವರು ಅತ್ತೆ, ಷಾಹಿನಾಳ ತಾಯಿ. ಇರ್ಫಾನ್ ಎದ್ದು ನಿಂತು, ಸನ್ನೆ ಬಾರದ ನಮ್ಮಂಥವರಿಗಾಗಿ ಅವರ ಮಾತನ್ನು ಬಾಯಲ್ಲಿ ಹೇಳಿದ: “ಮುಂಜಾನಿ ಚಾ ನಾ ಮಾಡ್ತೀನಿ. ಹಂಗಂತ ದಿನಾ ಅದನ್ನ ರೂಢಿ ಮಾಡ್ಕೋಬ್ಯಾಡ.” ನಗುವಿನ ಅಲೆ ಎದ್ದಿತು. ನಸ್ರೀನ್ ಮಾತ್ರ ನಗಲಿಲ್ಲ. ಬೆರಗಾಗಿ ಒಮ್ಮೆ ಪರದೆಯನ್ನು, ಒಮ್ಮೆ ಪಕ್ಕದಲ್ಲಿದ್ದ ಅತ್ತೆಯನ್ನು ನೋಡುತ್ತಿದ್ದಳು. ಅಜ್ಜಿ ಕಲಿತದ್ದು ‘ಬಾ’ ಎಂಬ ಒಂದೇ ಸನ್ನೆ. ಅದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು. ಆಗ ನಸ್ರೀನಳ ಕಣ್ಣು ತುಂಬಿತು.

ಕಡೆಗೆ ಬಂದವರು ಹುಸೇನ್ ಸಾಬರು. ಹತ್ತಿಯ ರಾಶಿಯ ಮುಂದೆ ನೆಟ್ಟಗೆ ನಿಂತು, ಬಹಳ ಗಂಭೀರವಾಗಿ ಕೈಯಾಡಿಸಿದರು. ನಸ್ರೀನಳ ಕಡೆಯವರಲ್ಲಿ ಸನ್ನೆ ಬಲ್ಲವರೆಲ್ಲ ಒಟ್ಟಿಗೆ ಗೊಳ್ಳೆಂದರು. ಇರ್ಫಾನ್ ನಗು ತಡೆದುಕೊಂಡು ವಿವರಿಸಿದ. ನಮ್ಮ ಮನೆಯಲ್ಲಿ ಯಾರೂ ನಿನ್ನ ಬೆನ್ನ ಹಿಂದೆ ಮಾತಾಡುವುದಿಲ್ಲ, ಎದುರಿಗೇ ಬಂದು ಮಾತಾಡುತ್ತೇವೆ ಎಂದು ಹೇಳುವುದು ಅವರ ಉದ್ದೇಶ. ಒಂದು ಸನ್ನೆ ತಪ್ಪಿ, “ಎದುರಿಗೇ ಬಂದು ಜಗಳಾ ಆಡ್ತೀವಿ” ಎಂದಾಗಿತ್ತು.

ಹುಸೇನ್ ಸಾಬರು ತಲೆಯ ಮೇಲೆ ಕೈಯಿಟ್ಟುಕೊಂಡರು. ನಸ್ರೀನ್ ಕಣ್ಣೊರೆಸಿಕೊಂಡು ಎದ್ದು, ತನ್ನ ಭಾರದ ಬಟ್ಟೆ ಎತ್ತಿ ಹಿಡಿದು ಮಾವನ ಹತ್ತಿರ ಬಂದಳು. ಅವರ ಒರಟು ಬೆರಳುಗಳನ್ನು ಹಿಡಿದು ಒಂದೊಂದಾಗಿ ಸರಿಮಾಡಿ ತೋರಿಸಿದಳು. ಅವರು ಮತ್ತೆ ಮೊದಲಿನಿಂದ ಮಾಡಿದರು, ಈ ಸಲ ಸರಿಯಾಗಿ. ಅವಳು ತಲೆಯಾಡಿಸಿ, ಏನನ್ನೋ ಚುರುಕಾಗಿ ಕೈಯಲ್ಲಿ ಹೇಳಿದಳು.

“ಏನಂತಾಳ?” ಎಂದರು ಹುಸೇನ್ ಸಾಬರು.

“ಜಗಳಾನೂ ಇರ್ಲಿ ಅಂತಾಳ್ರಿ ಮಾಮಾರ” ಅಂದ ಇರ್ಫಾನ್.

ಆಮೇಲೆ ಆ ಮದುವೆ ಹಾಲ್‌ನಲ್ಲಿ ಎದ್ದ ನಗು, ಗದ್ದಲ ಬೇಗ ಅಡಗಲಿಲ್ಲ. ಬಿರಿಯಾನಿ ಕಟ್ಟಿಸಿಕೊಡದೆ ಷಾಹಿನಾ ನನ್ನನ್ನು ಬಿಡಲೂ ಇಲ್ಲ.

ಈ ಕೆಲಸದಲ್ಲಿ ಒಂದು ಕ್ರಮ ಮೊದಲಿನಿಂದಲೂ ಗೊತ್ತಿತ್ತು: ಕೇಬಲ್, ಕಂಪ್ಯೂಟರ್, ಪೋರ್ಟ್, ಆಮೇಲೆ ಫೋನಿನ ಒಪ್ಪಿಗೆ. ರಿಸೆಟ್ ಎಂಬ ಮಾತು ಎಲ್ಲಕ್ಕಿಂತ ಕೊನೆಗೆ. ಸಿರುಗುಪ್ಪದಿಂದ ಬಂದ ಮೇಲೆ ಇವೆಲ್ಲಕ್ಕೂ ಮೊದಲು ಇನ್ನೊಂದನ್ನು ಸೇರಿಸಿಕೊಂಡೆ. ಫೋನಿಗೆ ಏನಾಗಿದೆ ಎಂದು ಕೇಳುವ ಮುಂಚೆ, ಅದರೊಳಗೆ ಏನಿದೆ, ಅದು ಯಾರಿಗೆ ಬೇಕು ಎಂದು ಕೇಳುತ್ತೇನೆ. ಉತ್ತರ ಗೊತ್ತಿದ್ದರೆ ಯಾವುದನ್ನು ಕೈಬಿಡಬಹುದು, ಯಾವುದನ್ನು ಏನಾದರೂ ಮಾಡಿ ಉಳಿಸಲೇಬೇಕು ಎಂಬುದು ತಿಳಿಯುತ್ತದೆ. ಜನ ಕುರ್ಚಿ ಎಳೆದುಕೊಂಡು ಖುಷಿಯಿಂದ ಹೇಳುತ್ತಾರೆ. ಅವರು ಹೇಳುವಷ್ಟರಲ್ಲಿ ನನ್ನ ಹಲ್ಲುಕಡ್ಡಿ ಅರ್ಧ ಕೆಲಸ ಮುಗಿಸಿರುತ್ತದೆ.