ಗೇಣು ಗೇಣಾಗಿ ಇಳಿದ ಟವೆಲ್

ಸೊಲ್ಲಾಪುರದಲ್ಲಿ ವೆಬ್‌ಸೈಟು ಅಂದರೇನು ಎಂದು ಮೊಟ್ಟಮೊದಲು ತಿಳಿದವನು ನಾನೇ. ಎರಡನೆಯವನು ಯಾರಾದರೂ ಇದ್ದರೆ ಅವನಿಗೂ ನಾನೇ ಹೇಳಿಕೊಟ್ಟಿರಬೇಕು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರ ಹೊರಗಿನ ಕೈಗಾರಿಕಾ ವಸಾಹತು ಚಿಂಚೋಳಿ ಎಂಐಡಿಸಿಯ ಒಂದು ಟವೆಲ್ ಕಾರ್ಖಾನೆಯಲ್ಲಿ ನಾನು ಹೆಡ್‌ಕ್ಲಾರ್ಕ್. ಹೊರದೇಶದ ಗಿರಾಕಿಯೊಬ್ಬ ನಮ್ಮ ವೆಬ್‌ಸೈಟಿನ ವಿಳಾಸ ಕೇಳಿ ಫ್ಯಾಕ್ಸ್ ಕಳಿಸಿದ. ಇಲ್ಲದ ವಸ್ತುವಿನ ವಿಳಾಸ ಎಲ್ಲಿಂದ ತರೋಣ? ಮಾಲೀಕರು ಫ್ಯಾಕ್ಸು ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

ನಾನು ಪುಣೆಯಿಂದ ಒಂದು ದಪ್ಪ ಪುಸ್ತಕ ತರಿಸಿ ಕೈಯಿಂದಲೇ ಎಚ್‌ಟಿಎಂಎಲ್ ಬರೆಯುವುದನ್ನು ಕಲಿತಿದ್ದೆ. ಅಕ್ಕಲಕೋಟೆಯಲ್ಲಿದ್ದ ನನ್ನ ಹೆಂಡತಿಯ ತಮ್ಮ ಪುಣೆಗೇ ಹೋಗಿ ಆರು ತಿಂಗಳ ಕ್ಲಾಸು ಮುಗಿಸಿ ಬಂದಿದ್ದ. ಅವನ ಬಳಿ ಹೊಸ ಸಾಫ್ಟ್‌ವೇರ್ ಇತ್ತು. ಅದರಲ್ಲಿ ಒಂದಕ್ಷರವನ್ನೂ ಬರೆಯಬೇಕಿಲ್ಲ, ಇಲಿಯ ಬಾಲ ಹಿಡಿದು ಎಳೆದರೆ ಪುಟ ತಯಾರು. ಸುದ್ದಿ ಕೇಳಿ ಅವನೂ ಕಾರ್ಖಾನೆಗೆ ಬಂದಾಗ ಮಾಲೀಕರು ಹೇಳಿದರು: ಇಬ್ಬರೂ ಒಂದೊಂದು ಮಾಡಿ, ನನಗೆ ಹಿಡಿಸಿದ್ದನ್ನು ಇಡುತ್ತೇನೆ, ಮಾಡಿದವನಿಗೇ ಹೊಸ ಕಂಪ್ಯೂಟರ್ ವಿಭಾಗ. ಹುಡುಗನಿಗೆ ಅದು ಜೀವನದ ಪ್ರಶ್ನೆ. ವರ್ಷದಿಂದ ಕೆಲಸ ಹುಡುಕುತ್ತ ಬಸ್ಸಿನಲ್ಲಿ ಓಡಾಡುತ್ತಿದ್ದ. ಇದೂ ಸಿಗದಿದ್ದರೆ ದುಧನಿಯ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಎಣಿಸುತ್ತ ಕೂತುಕೋ ಎಂದು ನನ್ನ ಮಾವ ಆಗಲೇ ಹೇಳಿಬಿಟ್ಟಿದ್ದರು. ನನಗೆ ಕೆಲಸ ಬೇಕಾಗಿರಲಿಲ್ಲ, ಅದು ಆಗಲೇ ಇತ್ತು. ಬೇಕಾಗಿದ್ದು ಗೆಲುವು.

ನ್ಯಾಯವಾಗಿ ಹೇಳಬೇಕೆಂದರೆ ವೆಬ್‌ಸೈಟು ಮಾಡುವ ಎಲ್ಲ ದಾರಿಗಳೂ ದರಿದ್ರವೇ. ನೆಟ್ಟಿನಲ್ಲಿ ಪುಟ ಇಡಲು ಪುಕ್ಕಟೆ ಜಾಗ ಕೊಡುವ ಸೈಟುಗಳಿದ್ದವು, ಆದರೆ ಅಲ್ಲಿ ನಮ್ಮ ಟವೆಲಿನ ನೆತ್ತಿಯ ಮೇಲೆ ಯಾರದೋ ಜಾಹೀರಾತು ಕಣ್ಣು ಮಿಟುಕಿಸುತ್ತಿತ್ತು. ನಮ್ಮ ಬಾಗಿಲಿಗೆ ಇನ್ನೊಬ್ಬನ ಬೋರ್ಡು ಹೊಡೆದ ಹಾಗೆ. ಹುಡುಗನ ಸಾಫ್ಟ್‌ವೇರು ಬೆಳಗ್ಗೆ ಕೂತರೆ ಮಧ್ಯಾಹ್ನಕ್ಕೆ ಪುಟ ಕೊಡುತ್ತಿತ್ತು, ನಿಜ. ಆದರೆ ಒಂದು ಸಾಲು ನಮಸ್ಕಾರಕ್ಕೆ ತೆರೆಯ ಹಿಂದೆ ಒಂದು ಗಾಡಿ ಕೋಡಿನ ಕಸ ಬರೆಯುತ್ತಿತ್ತು. ಒಂದು ಬ್ರೌಸರಿನಲ್ಲಿ ನೆಟ್ಟಗೆ ನಿಂತ ಪುಟ ಇನ್ನೊಂದರಲ್ಲಿ ಕುಡಿದವನಂತೆ ವಾಲುತ್ತಿತ್ತು. ನನ್ನ ಕೈಬರಹ ಹಗುರ, ಸ್ವಚ್ಛ. ಆದರೆ ಒಮ್ಮೆ ಲಿಂಕಿನ ಗುರುತೊಂದನ್ನು ಮುಚ್ಚಲು ಮರೆತು ಇಡೀ ಪುಟ ನೀಲಿಯಾಗಿ, ಎಲ್ಲಿ ಒತ್ತಿದರೂ ಫೋನ್ ನಂಬರಿನ ಪುಟಕ್ಕೇ ಹೋಗುವಂತಾಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಈಗಲೇ ಹೇಳುತ್ತಿರುವುದು.

ಅಕ್ಕನ ಗಂಡ ಎಂದು ಅವನು ನನ್ನನ್ನು ದಾಜಿ ಎನ್ನುತ್ತಿದ್ದ. ನನ್ನ ಪುಟ ನೋಡಿ ಮೆಲ್ಲಗೆ ಅಂದ:

“ದಾಜಿ, ಇದು ಸರ್ಕಾರಿ ಅರ್ಜಿ ಇದ್ದಂಗ ಐತ್ರಿ. ಅಕ್ಷರ ಬಿಟ್ರ ಏನೂ ಇಲ್ಲ.”

“ನಿಂದು ಮದಿವಿ ಪತ್ರಿಕಿ,” ಅಂದೆ ನಾನು. “ಗಣಪತಿ ಅದಾನ, ಬಾಳಿಕಂಬ ಅದಾವ. ಮದುಮಗ ಎಲ್ಲಿ ಅದಾನ ಅಂತ ಹುಡುಕಬೇಕು.”

ಪರೀಕ್ಷೆಯ ದಿನ ಅವನು ತನ್ನ ಪುಟವಿದ್ದ ಫ್ಲಾಪಿಯನ್ನು ನನ್ನ ಮೇಜಿನ ಮೇಲಿಟ್ಟು ಊಟಕ್ಕೆ ಹೋದ. ಪಾಪದ ಹುಡುಗ, ಟವೆಲಿನ ಫೋಟೋಗಳನ್ನೆಲ್ಲ ಸಣ್ಣ ಮಾಡಿ, ಹಗುರ ಮಾಡಿ ಇಟ್ಟಿದ್ದ. ನಾನು ಅವನ್ನು ಅಳಿಸಿ, ಸ್ಕ್ಯಾನರಿನಿಂದ ಬಂದಿದ್ದ ಅದೇ ಫೋಟೋಗಳ ಭಾರೀ ಪ್ರತಿಗಳನ್ನು ಅದೇ ಹೆಸರಿನಲ್ಲಿ ತುಂಬಿದೆ. ಕಣ್ಣಿಗೆ ಅಳತೆ ಅದೇ, ತೂಕ ಮಾತ್ರ ಆನೆಯದು. ನೆಟ್ಟು ಹಾಯುವ ಟೆಲಿಫೋನ್ ತಂತಿಯಲ್ಲಿ ಆನೆ ಬರಲಿ ನೋಡೋಣ ಎಂದು ಒಳಗೊಳಗೇ ನಕ್ಕೆ.

ಊಟ ಮುಗಿಸಿ ಬಂದವನು ಅದನ್ನೇ ನೆಟ್ಟಿಗೆ ಏರಿಸಿದ. ಮಾಲೀಕರು ಚಹಾದ ಕಪ್ಪು ಹಿಡಿದು ಕೂತರು. ಮೊದಲು ನನ್ನದು ತೆರೆದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಪೂರ್ತಿ ಬಂತು.

“ಇಷ್ಟ ಏನ್ರಿ?” ಎಂದರು. “ರೆಡಿಮೇಡ್ ಅಂಗಡ್ಯಾಗ ತಂದಂಗ ಐತಿ.”

ಆಮೇಲೆ ಅವನದು. ಮೊದಲು ಖಾಲಿ ಚೌಕಟ್ಟು. ಬಹಳ ಹೊತ್ತಿಗೆ ಮೇಲ್ತುದಿಯಲ್ಲಿ ಒಂದು ಕೆಂಪು ಗೆರೆ. ಅದರ ಕೆಳಗೆ ಇನ್ನೊಂದು. ಲೈನ್ ಬರೋಬರಿಲ್ಲ, ಬಂದ್ ಮಾಡೋಣ ಎಂದು ಹುಡುಗ ಕೈ ಚಾಚಿದ. ನಾನು ಮರುಕದಿಂದ ತಲೆಯಾಡಿಸುತ್ತಿದ್ದೆ. ಆ ಅಭಿನಯ ನನಗೆ ಚೆನ್ನಾಗಿ ಬರುತ್ತದೆ. ಮಾಲೀಕರು ಅವನ ಕೈ ಹಿಡಿದರು.

“ಥಾಂಬ್ರಿ, ಗಡಬಡ ಮಾಡಬ್ಯಾಡ್ರಿ. ಅಂಚು ಮುಗೀತು, ಈಗ ಹೂ ಬರ್ತೈತಿ. ಮಗ್ಗದ ಮ್ಯಾಲ ಇದ್ದಂಗ ಎಳಿ ಎಳಿ ಇಳ್ಯಾಕತ್ತೈತಿ.”

ಅವರು ಹುಡುಗರಾಗಿದ್ದಾಗ ಮಗ್ಗದ ಮೇಲೆ ಕೂತು ಬೆಳೆದವರು. ಅದು ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ. ಟವೆಲು ಗೇಣು ಗೇಣಾಗಿ ಇಳಿಯಿತು, ಚಹಾ ಆರಿತು, ಅವರು ಕದಲಲಿಲ್ಲ. ಇಷ್ಟು ತಡವಾದರೆ ಗಿರಾಕಿ ಓಡಿಹೋಗುತ್ತಾನೆ ಎಂದೆ. ನೇಯುವುದನ್ನು ನೋಡಲು ತಾಳ್ಮೆಯಿಲ್ಲದವನಿಗೆ ನಾನೂ ಮಾರುವುದಿಲ್ಲ ಎಂದರು. ಕೆಲಸ ಹುಡುಗನಿಗೆ ಹೋಯಿತು. ಆ ಗಿರಾಕಿ ಸೈಟು ನೋಡಿದನೋ ಇಲ್ಲವೋ, ಪೋಸ್ಟಿನಲ್ಲಿ ಎರಡು ಟವೆಲು ಕಳಿಸಿ, ಮುಟ್ಟಿ ನೋಡುತ್ತೇನೆ ಎಂದು ಮತ್ತೆ ಫ್ಯಾಕ್ಸ್ ಮಾಡಿದ. ಇಷ್ಟಕ್ಕೆ ಈ ವಿದ್ಯೆ!

ಆ ಭಾನುವಾರ ಹುಡುಗ ಪೇಢೆಯ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದ. ಅಕ್ಕನ ಕೈಗೆ ಕೊಟ್ಟು ನನ್ನೆದುರು ಕೂತ.

“ದಾಜಿ, ನನ್ನ ಫೋಟೋ ಅಷ್ಟು ಜಡ ಇರಲಿಲ್ರಿ. ಯಾರೋ ಬದಲಿ ಮಾಡ್ಯಾರ.”

“ಯಾರೋ ಅಲ್ಲ, ನಾನ,” ಅಂದೆ. “ಮಾಲೀಕರ ಮನಸ್ಸು ನನಗ ಗೊತ್ತಿತ್ತು. ನಿನಗ ನೌಕರಿ ಸಿಗಲಿ ಅಂತ ಮಾಡೀನಿ.”

ಅವನು ನಂಬಿದ. ನನ್ನ ಹೆಂಡತಿ ಪೇಢೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು, ಅವಳು ನಂಬಿರಲಿಲ್ಲ. ಹುಡುಗ ಎದ್ದು ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.